ಗೋದಾಮಿನಲ್ಲಿ ಸಿಕ್ಕ ದಪ್ಪ ಟೈರಿನ ಕುಳ್ಳ ಬೈಕು: ಯಾವುದದು, ಮತ್ತೆ ಓಡಿಸುವುದು ಹೇಗೆ?

ಪ್ರಶ್ನೆ: ಸರ್, ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟ. ಹಳೇ ಗೋದಾಮು ಖಾಲಿ ಮಾಡಿಸುವಾಗ ಗೋಣಿಚೀಲಗಳ ಹಿಂದೆ ಒಂದು ಕುಳ್ಳ ಬೈಕ್ ಸಿಕ್ಕಿತು. ಚಕ್ರ ಚಿಕ್ಕದು, ಟೈರು ಮಾತ್ರ ಅಂಗೈ ಅಗಲಕ್ಕಿಂತ ದಪ್ಪ. ಟ್ಯಾಂಕಿನ ಮೇಲೆ ಹೆಸರಿಲ್ಲ, ಅಲ್ಲಲ್ಲಿ ಹಳದಿ ಬಣ್ಣ ಉಳಿದಿದೆ. ಟೈರಿನ ಪಕ್ಕದಲ್ಲಿ 6.70-10 ಎಂದಿದೆ. ಹ್ಯಾಂಡಲ್ ಕೆಳಗೆ ಫ್ರೇಮಿನ ಕತ್ತಿನಲ್ಲಿ ‘ಆರ್‌ವಿ’ ಅನ್ನುವ ಎರಡಕ್ಷರ ಕಾಣುತ್ತದೆ, ಮುಂದಿನದೆಲ್ಲ ತುಕ್ಕು. ಕಿಕ್ಕರ್ ಅಲ್ಲಾಡುವುದಿಲ್ಲ. ದೊಡ್ಡಪ್ಪ ತಂದಿದ್ದು ಅನ್ನುತ್ತಾರೆ, ಅವರು ಈಗಿಲ್ಲ. ಊರಲ್ಲಿ ಒಬ್ಬರು ಬಾಬಿ ರಾಜ್‌ದೂತ್ ಅಂತಾರೆ, ಇನ್ನೊಬ್ಬರು ಹೋಂಡಾ ಮಂಕಿ ಅಂತಾರೆ. ಎಂಜಿನ್ನಿನ ಒಂದು ಫೋಟೋ ಕಳಿಸಿದ್ದೇನೆ. ಇದು ಯಾವುದು? ಬಿಡಿಭಾಗ ಎಲ್ಲಿ ಸಿಗುತ್ತದೆ? ಪೇಂಟ್ ಮಾಡಿಸಿ ಓಡಿಸಬಹುದಾ? ರಸ್ತೆಗೆ ತರಬಹುದಾ?

ಉತ್ತರ: ಟೈರಿನ ಮೇಲಿನ 6.70-10 ಮತ್ತು ಕತ್ತಿನಲ್ಲಿರುವ ‘ಆರ್‌ವಿ’, ಈ ಎರಡು ಗುರುತು ಸೇರಿದರೆ ನನಗೆ ಹೊಳೆಯುವುದು ಒಂದೇ ಬೈಕು: ಜಪಾನಿನ ಸುಜುಕಿ 1970ರ ದಶಕದಲ್ಲಿ ಮಾಡುತ್ತಿದ್ದ ಆರ್‌ವಿ90. 88 ಸಿಸಿಯ ಒಂಟಿ ಸಿಲಿಂಡರ್, ಟೂ-ಸ್ಟ್ರೋಕ್ ಎಂಜಿನ್, ನಾಲ್ಕು ಗೇರು, 6 ವೋಲ್ಟಿನ ಕರೆಂಟು. ಮರಳಿನಲ್ಲಿ, ಕೆಸರಿನಲ್ಲಿ ಹೂತುಹೋಗದೆ ಸಾಗಲಿ ಎಂದೇ ಅಷ್ಟು ದಪ್ಪದ ಟೈರು. ಜಪಾನಿನಲ್ಲಿ ಇದನ್ನು ವ್ಯಾನ್‌ವ್ಯಾನ್ ಎಂದು ಮಾರುತ್ತಿದ್ದರು. ಇದೇ ಸಾಲಿನಲ್ಲಿ ಆರ್‌ವಿ50, ಆರ್‌ವಿ125 ಕೂಡ ಇದ್ದವು. ಹಾಗಾಗಿ ತುಕ್ಕಿನ ಕೆಳಗಿರುವ ಅಂಕಿ ಓದಿ ಮುಗಿಯುವವರೆಗೆ 90 ಅನ್ನುವುದನ್ನು ನನ್ನ ಬಲವಾದ ಊಹೆ ಎಂದಷ್ಟೇ ಇಟ್ಟುಕೊಳ್ಳಿ.

ಊರಿನವರ ಊಹೆಗೂ ಕಾರಣ ಇದೆ. ನಮ್ಮ ದೇಶದಲ್ಲಿ ‘ಮಿನಿ ಬೈಕ್’ ಎಂದ ಕೂಡಲೇ ಜನರಿಗೆ ನೆನಪಾಗುವುದು ಎಸ್ಕಾರ್ಟ್ಸ್ ಕಂಪನಿಯ ರಾಜ್‌ದೂತ್ ಜಿಟಿಎಸ್, ಅಂದರೆ ಅದೇ ಬಾಬಿ ಬೈಕು. ಅದೂ ಟೂ-ಸ್ಟ್ರೋಕೇ, ಆದರೆ ದೊಡ್ಡ ರಾಜ್‌ದೂತಿನ 173 ಸಿಸಿ ಎಂಜಿನ್ನನ್ನೇ ಕುಳ್ಳ ಫ್ರೇಮಿಗೆ ಕೂರಿಸಿದ್ದು. ಟೈರು ಇಷ್ಟು ದಪ್ಪವಿಲ್ಲ. ಹೋಂಡಾ ಮಂಕಿಯನ್ನು ತಳ್ಳಿಹಾಕುವುದು ಇನ್ನೂ ಸುಲಭ. ಹಳೇ ಮಂಕಿಯ ಎಂಜಿನ್ 49 ಸಿಸಿಯ ಫೋರ್-ಸ್ಟ್ರೋಕ್, ಸಿಲಿಂಡರ್ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ಮುಂದಕ್ಕೆ ಮಲಗಿರುತ್ತದೆ. ಹೀರೋ ಹೋಂಡಾ ಸಿಡಿ100 ಬಿಚ್ಚಿದ ಯಾವ ಮೆಕ್ಯಾನಿಕ್ಕಾದರೂ ಆ ಮಲಗಿದ ಸಿಲಿಂಡರನ್ನು ನೋಡಿದ ಕೂಡಲೇ ಗುರುತು ಹಿಡಿಯುತ್ತಾನೆ. ನಿಮ್ಮ ಫೋಟೋದಲ್ಲಿ ಸಿಲಿಂಡರ್ ನೆಟ್ಟಗೆ ನಿಂತಿದೆ, ಹೆಡ್ಡಿನ ಮೇಲೆ ವಾಲ್ವಿನ ಮುಚ್ಚಳವಿಲ್ಲ, ಬರೀ ರೆಕ್ಕೆಗಳು. ಅದು ಟೂ-ಸ್ಟ್ರೋಕು, ಸಂಶಯವಿಲ್ಲ.

ಕೊಡಗಿನ ಶೆಡ್ಡುಗಳಲ್ಲಿ ಇಂಥವು ಇನ್ನೂ ಕೆಲವು ಇರಬಹುದು, ಆದ್ದರಿಂದ ಬೇರೆ ಓದುಗರಿಗೂ ಎರಡು ಮಾತು. ಗೇರ್ ಪೆಡಲ್ಲೇ ಇಲ್ಲದೆ, ಹಗ್ಗ ಎಳೆದು ಸ್ಟಾರ್ಟ್ ಮಾಡುವ, ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಕೂರಿಸಿದ ಪೈಪ್ ಫ್ರೇಮ್ ಕಂಡರೆ ಅದು ಅಮೆರಿಕದ ಮಿನಿ ಬೈಕು, ಇಲ್ಲವೇ ಅದರ ನಕಲು. ಅಂಥದ್ದರಲ್ಲಿ ಫ್ರೇಮಿಗಿಂತ ಎಂಜಿನ್ನೇ ಹೆಚ್ಚು ಮಾತಾಡುತ್ತದೆ. ಬ್ರಿಗ್ಸ್ ಅಂಡ್ ಸ್ಟ್ರಾಟನ್ ಎಂಜಿನ್ನಾದರೆ ತಗಡಿನ ಕವಚದ ಮೇಲೆ ಒತ್ತಿರುವ ಕೋಡ್ ಸಂಖ್ಯೆಯ ಮೊದಲ ಎರಡಂಕಿ ವರ್ಷ, ಮುಂದಿನ ಎರಡು ತಿಂಗಳು, ಅದರ ಮುಂದಿನ ಎರಡು ದಿನ. ಆದರೆ ಅದು ಎಂಜಿನ್ ತಯಾರಾದ ದಿನ, ಬೈಕಿನದಲ್ಲ. ಇನ್ನು 1980ರ ದಶಕದ ದಪ್ಪ ಟೈರಿನವು, ಯಮಹಾ ಬಿಡಬ್ಲ್ಯು200, ಹೋಂಡಾ ಫ್ಯಾಟ್ ಕ್ಯಾಟ್ ಇಂಥವು. ಅಮೆರಿಕಕ್ಕೆಂದು ಮಾಡಿದವಾದರೆ ಅವುಗಳಲ್ಲಿ 17 ಅಕ್ಷರ-ಅಂಕಿಗಳ ಉದ್ದನೆಯ ಸಂಖ್ಯೆ ಇರುತ್ತದೆ. ಜೆಎಚ್2 ಎಂದು ಶುರುವಾದರೆ ಜಪಾನಿನ ಹೋಂಡಾ, ಜೆವೈಎ ಆದರೆ ಯಮಹಾ, ಜೆಎಸ್1 ಆದರೆ ಸುಜುಕಿ. ಹತ್ತನೆಯ ಅಕ್ಷರ ಮಾಡೆಲ್ ವರ್ಷ: ಜಿ ಎಂದರೆ 1986, ಎಚ್ ಎಂದರೆ 1987. ನಿಮ್ಮದು ಈ ಪದ್ಧತಿಗಿಂತ ಹಿಂದಿನದು, ಮಾಡೆಲ್ ಹೆಸರು ಮತ್ತು ಕ್ರಮಸಂಖ್ಯೆ ಇಷ್ಟೇ ಇರುತ್ತದೆ.

ಈಗ ಆ ಕತ್ತಿನ ಹತ್ತಿರ ಬನ್ನಿ. ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಕಾದ ಜಾಗ ಇದು. ಗ್ರೈಂಡರ್, ವೈರ್ ವೀಲ್, ಎಮರಿ ಪೇಪರ್ ಯಾವುದನ್ನೂ ಅಲ್ಲಿಗೆ ಮುಟ್ಟಿಸಬೇಡಿ. ಒತ್ತಿದ ಅಂಕಿಯ ಆಳ ತೀರ ಕಡಿಮೆ, ಒಮ್ಮೆ ಗ್ರೈಂಡರ್ ತಾಗಿದರೆ ಸಂಖ್ಯೆಯ ಜೊತೆ ಬೈಕಿನ ಗುರುತೇ ಹೋಗುತ್ತದೆ. ಉಜ್ಜಿ ಅಳಿಸಿದ ಸಂಖ್ಯೆಯನ್ನು ಆರ್‌ಟಿಒ ಕಣ್ಣಲ್ಲಿ ಕಳ್ಳಮಾಲಿಗಿಂತ ಬೇರೆಯಾಗಿ ನೋಡುವುದಿಲ್ಲ. ಒಂದು ಬಟ್ಟೆಯನ್ನು ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ನೆನೆಸಿ ರಾತ್ರಿಯಿಡೀ ಆ ಜಾಗಕ್ಕೆ ಸುತ್ತಿಡಿ. ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ, ಹೆಚ್ಚೆಂದರೆ ಮೆತ್ತನೆಯ ಹಿತ್ತಾಳೆ ಬ್ರಶ್ಶಿನಿಂದ ಉಜ್ಜಿ ಒರೆಸಿ. ನಾಲ್ಕೈದು ಸಲ ಹೀಗೆ ಮಾಡಬೇಕಾದೀತು. ಒಣಗಿದ ಮೇಲೆ ಸೀಮೆಸುಣ್ಣ ತೀಡಿ, ಕತ್ತಲಾದ ಮೇಲೆ ಟಾರ್ಚನ್ನು ಎದುರಿಂದ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಬೆಳಕು ಓರೆಯಾದಾಗ ತಗ್ಗಿನಲ್ಲಿ ನೆರಳು ಬಿದ್ದು ಅಂಕಿ ಎದ್ದು ಕಾಣುತ್ತದೆ. ಕೊನೆಗೆ ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದುಕೊಳ್ಳಿ. ಆರ್‌ಟಿಒ ಫಾರಂಗೆ ಅಂಟಿಸುವ ಚಾಸಿಸ್ ಪ್ರಿಂಟ್ ಎಂದರೆ ಅದೇ. ಎರಡು ಮೂರು ಪ್ರತಿ ತೆಗೆದಿಡಿ.

ಆಮೇಲೆ ಎಂಜಿನ್ ಕೇಸಿನ ಮೇಲಿನ ಸಂಖ್ಯೆಯನ್ನೂ ಹೀಗೇ ಓದಿ. ಅಲ್ಲೂ ಆರ್‌ವಿ90 ಎಂದೇ ಶುರುವಾದರೆ ನಿಮ್ಮ ಅದೃಷ್ಟ ದೊಡ್ಡದು: ಹುಟ್ಟಿದ ಎಂಜಿನ್ನೇ ಉಳಿದಿದೆ. ಬೇರೆ ಹೆಸರಿದ್ದರೆ ಯಾವುದೋ ಕಾಲದಲ್ಲಿ ಯಾರೋ ಎಂಜಿನ್ ಬದಲಾಯಿಸಿದ್ದಾರೆ ಎಂದರ್ಥ, ಆಗ ಬಿಡಿಭಾಗ ಹುಡುಕುವ ದಾರಿಯೇ ಬೇರೆ. ಟೈರಿನ ತಾರೀಖನ್ನು ನೋಡಿ ಬೈಕಿನ ವಯಸ್ಸು ಹೇಳಲು ಹೋಗಬೇಡಿ. ಟೈರು ಬದಲಾದದ್ದಿರಬಹುದು.

ಪೇಂಟಿನ ವಿಷಯಕ್ಕೆ ನನ್ನ ಉತ್ತರ ಸ್ಪಷ್ಟ: ಬೇಡ. ಸದ್ಯಕ್ಕಂತೂ ಬೇಡವೇ ಬೇಡ. ಕೊಡಗಿನಲ್ಲಿ ಸಿಕ್ಕ ಹಳೇ ಗಾಡಿಗಳನ್ನು ಮೊದಲು ಪೇಂಟರ್ ಹತ್ತಿರ, ಆಮೇಲೆ ಮೆಕ್ಯಾನಿಕ್ ಹತ್ತಿರ ಒಯ್ಯುವುದನ್ನು ನಾನು ತುಂಬ ನೋಡಿದ್ದೇನೆ. ಹೊಳೆಯುವ ಟ್ಯಾಂಕು, ಒಳಗೆ ಜಾಮ್ ಆದ ಎಂಜಿನ್ನು, ಕೊನೆಗೆ ಮತ್ತೆ ಗೋದಾಮು. ನಿಮ್ಮ ಬೈಕಿನ ಆ ಹಳದಿ ಬಣ್ಣ ಕಾರ್ಖಾನೆಯದ್ದೇ ಆಗಿದ್ದರೆ ಅದನ್ನು ಯಾವ ಪೇಂಟರೂ ವಾಪಸ್ ತಂದುಕೊಡಲಾರ. ಶಾಂಪೂ ನೀರಲ್ಲಿ ತೊಳೆದು, ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿಕೊಂಡು ರಬ್ಬಿಂಗ್ ಕಾಂಪೌಂಡ್ ಮೆತ್ತಗೆ ತೀಡಿ ನೋಡಿ. ಗೋದಾಮಿನ ದೂಳಿನಡಿ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಬಣ್ಣ ಉಳಿದಿರುತ್ತದೆ. ಬಣ್ಣ ಹೋಗಿ ತುಕ್ಕು ಕಾಣುವ ಕಡೆ ಮಾತ್ರ ತುಕ್ಕು ತೆಗೆದು, ಪ್ರೈಮರ್ ಕೊಟ್ಟು, ಹೊಂದುವ ಬಣ್ಣ ಮುಟ್ಟಿಸಿದರೆ ಸಾಕು. ಹಾಗೆ ಉಳಿಸಿಕೊಳ್ಳುವುದಕ್ಕೆ ಕಾನೂನಿನ ಕಡೆಯಿಂದಲೂ ಒಂದು ಕಾರಣ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಎಂಜಿನ್ ಜಾಮ್ ಆಗಿರುವುದು ಹೆದರುವ ಸಂಗತಿಯಲ್ಲ. ಟೂ-ಸ್ಟ್ರೋಕಿನಲ್ಲಿ ಸಿಲಿಂಡರಿಗೆ ಸೈಲೆನ್ಸರ್ ಕಡೆಯ ಬಾಯಿ ಸದಾ ತೆರೆದೇ ಇರಬಹುದು, ಅಲ್ಲಿಂದ ಮಳೆಗಾಲದ ತೇವ ಒಳಗೆ ಹೋಗಿ ರಿಂಗು ಸಿಲಿಂಡರಿಗೆ ಅಂಟಿಕೊಳ್ಳುತ್ತದೆ. ಕಿಕ್ಕರ್ ಮೇಲೆ ಹತ್ತಿ ತುಳಿಯಬೇಡಿ, ತೋಟದ ಹುಡುಗರಿಗೂ ತುಳಿಯಲು ಬಿಡಬೇಡಿ. ಒಳಗಿನ ಕಿಕ್ ಗೇರಿನ ಹಲ್ಲು ಮುರಿದರೆ ಆ ಒಂದು ತುಂಡಿಗಾಗಿ ವರ್ಷಗಟ್ಟಲೆ ಹುಡುಕಬೇಕಾಗುತ್ತದೆ. ಪ್ಲಗ್ ಬಿಚ್ಚಿ, ಅದರ ತೂತಿನಿಂದ ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಹುಯ್ಯಿರಿ. ವಾರಗಟ್ಟಲೆ ಬಿಡಿ, ನಡುನಡುವೆ ಇನ್ನಷ್ಟು ಹುಯ್ಯಿರಿ. ಆಮೇಲೆ ಮೇಲಿನ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಹಿಂದಕ್ಕೆ ಮುಂದಕ್ಕೆ ಮೆತ್ತಗೆ ಆಡಿಸಿ. ಕೂದಲೆಳೆಯಷ್ಟು ಅಲ್ಲಾಡಿದರೂ ಸಾಕು, ಉಳಿದದ್ದು ಬಿಟ್ಟುಕೊಳ್ಳುತ್ತದೆ. ಆಗಲೂ ಬಗ್ಗದಿದ್ದರೆ ಹೆಡ್ ಬಿಚ್ಚಿ. ಪಿಸ್ಟನ್ ತಲೆಗೆ ಸುತ್ತಿಗೆ ಹಾಕುವ ಮೆಕ್ಯಾನಿಕ್ಕಿಗೆ ಅಲ್ಲೇ ಕೈಮುಗಿದು ಬೈಕ್ ವಾಪಸ್ ತನ್ನಿ.

ಎಂಜಿನ್ ತಿರುಗಿತು ಎಂದ ಮಾತ್ರಕ್ಕೆ ಅದೇ ದಿನ ಸ್ಟಾರ್ಟ್ ಮಾಡಿ ಸಂಭ್ರಮ ಪಡುವುದೂ ಬೇಡ. ಇಲ್ಲೇ ಹೆಚ್ಚಿನವರು ಎಡವುವುದು. ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ಎರಡೂ ಬದಿಗೆ ರಬ್ಬರಿನ ಆಯಿಲ್ ಸೀಲ್ ಇರುತ್ತದೆ. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಬರುವುದು ಕ್ರ್ಯಾಂಕ್‌ಕೇಸಿಗೆ, ಆಮೇಲೆ ಸಿಲಿಂಡರಿಗೆ. ಹಾಗಾಗಿ ಆ ಕೇಸು ಗಾಳಿಯಾಡದಂತೆ ಬಿಗಿಯಾಗಿರಲೇಬೇಕು. ಮ್ಯಾಗ್ನೆಟ್ ಕಡೆಯ ಸೀಲ್ ಒಣಗಿ ಬಿರುಕು ಬಿಟ್ಟಿದ್ದರೆ ಅಲ್ಲಿಂದ ಹೊರಗಿನ ಗಾಳಿ ಎಳೆದುಕೊಂಡು ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕ್ಲಚ್ ಕಡೆಯದ್ದು ಹೋಗಿದ್ದರೆ ಗೇರ್‌ಬಾಕ್ಸ್ ಆಯಿಲನ್ನೇ ಹೀರಿ ಬಿಳಿ ಹೊಗೆ ಉಗುಳುತ್ತದೆ. ಅರ್ಧ ಶತಮಾನ ಹಳೆಯ ಸೀಲ್ ಚೆನ್ನಾಗಿದೆ ಎಂದು ಯಾರು ಹೇಳಿದರೂ ನಂಬಬೇಡಿ, ಎರಡನ್ನೂ ಬದಲಾಯಿಸಿ.

ಇದಕ್ಕೆ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ಅಂಗಡಿಯಲ್ಲಿ ‘ಆರ್‌ವಿ90ದು ಕೊಡಿ’ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ಸೀಲಿನ ಮೇಲೆ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಮೂರೂ ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತವೆ. ಬೇರಿಂಗಿನ ಮೇಲೆ ಅದರ ಸಂಖ್ಯೆ ಇರುತ್ತದೆ. ಇವು ಪ್ರಪಂಚಕ್ಕೆಲ್ಲ ಒಂದೇ ಅಳತೆ. ಹಳೆಯದನ್ನೇ ಕೈಯಲ್ಲಿ ಹಿಡಿದು ಬೇರಿಂಗ್ ಅಂಗಡಿಗೆ ಹೋದರೆ ಹೆಚ್ಚಿನವು ಮೈಸೂರಿನಲ್ಲೇ ಸಿಗುತ್ತವೆ, ಇಲ್ಲದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ. ಕ್ರ್ಯಾಂಕ್ ಬಿಚ್ಚಿ ಜೋಡಿಸುವ ಕೆಲಸಕ್ಕೂ ಮೈಸೂರೇ ಸರಿ. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಜಾವಾ, ಯೆಜ್ಡಿ ಬಿಚ್ಚಿ ಕೈ ಪಳಗಿದ ಮೆಕ್ಯಾನಿಕ್ಕುಗಳು ಆ ಊರಲ್ಲಿ ಇನ್ನೂ ಇದ್ದಾರೆ. ಟೂ-ಸ್ಟ್ರೋಕಿನ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಕೂರಿಸಿ, ಓಲಾಟ ಅಳೆದು ನೇರ ಮಾಡುವುದು ಅವರಿಗೆ ದಿನನಿತ್ಯದ ಕೆಲಸ. ಸಿಲಿಂಡರ್ ಗೀರಿದ್ದರೆ ಮೊದಲು ಓವರ್‌ಸೈಜ್ ಪಿಸ್ಟನ್ ತರಿಸಿ, ಅದು ಕೈಗೆ ಬಂದ ಮೇಲೇ ಅದರ ಅಳತೆಗೆ ಬೋರಿಂಗ್ ಮಾಡಿಸಿ, ಅಂದರೆ ಸಿಲಿಂಡರನ್ನು ಒಳಗಿನಿಂದ ಕೊರೆಸಿ. ಬೋರ್ ಮಾಡಿಸಿಬಿಟ್ಟು ಪಿಸ್ಟನ್ ಸಿಗದೆ ಕೂತವರನ್ನು ನೋಡಿ ಬೇಸರವಾಗಿದೆ.

ಕಿಡಿಯ ಕೆಲಸ ಮಾತ್ರ ಊರಲ್ಲೇ ಆಗುತ್ತದೆ. ತೋಟದ ಸ್ಪ್ರೇಯರ್, ವೀಡ್ ಕಟರ್ ರಿಪೇರಿ ಮಾಡುವವರಿಗೆ ಮ್ಯಾಗ್ನೆಟ್ ಹೊಸದಲ್ಲ. ಫ್ಲೈವೀಲನ್ನು ಪುಲ್ಲರ್ ಹಾಕಿಯೇ ತೆಗೆಯಲಿ, ಅಂಚಿಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟುವುದು ಬೇಡ. ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕಡಿದು ಕೂಡಿಸುವ ತುಂಡು) ಸ್ವಚ್ಛ ಮಾಡಿ 0.3ರಿಂದ 0.4 ಮಿಲಿಮೀಟರ್ ಅಂತರ ಇಟ್ಟು, ಕಂಡೆನ್ಸರ್ ಹೊಸದು ಹಾಕಿದರೆ ಬಹಳಷ್ಟು ಸಲ ಅಷ್ಟಕ್ಕೇ ಕಿಡಿ ಬರುತ್ತದೆ.

ಟ್ಯಾಂಕಿನ ಒಳಗಿನ ತುಕ್ಕಿಗೆ ಸಿಟ್ರಿಕ್ ಆಸಿಡ್ ಸಾಕು, ಕಿರಾಣಿ ಅಂಗಡಿಯ ನಿಂಬೆಉಪ್ಪು. ಬಿಸಿನೀರಲ್ಲಿ ಕರಗಿಸಿ ಒಂದೆರಡು ದಿನ ತುಂಬಿಟ್ಟು, ಚೆಲ್ಲಿ, ಸೋಡಾಪುಡಿ ನೀರಲ್ಲಿ ತೊಳೆದು, ಬಿಸಿಲಿಗಿಟ್ಟು ಪೂರ್ತಿ ಒಣಗಿದ ಕೂಡಲೇ ಒಳಗೆ ಆಯಿಲ್ ಸವರಿ. ತಡಮಾಡಿದರೆ ನಮ್ಮ ಹವೆಯಲ್ಲಿ ಸಂಜೆಯೊಳಗೆ ಮತ್ತೆ ಕೆಂಪಗಾಗುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ತೇವ ಹೀರುತ್ತದೆ, ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಪೆಟ್ರೋಲ್ ಪೈಪು, ಟ್ಯಾಪಿನ ವಾಷರು, ಕಾರ್ಬುರೇಟರಿನ ರಬ್ಬರುಗಳೆಲ್ಲ ಹೊಸದಾಗಲಿ. ಬೈಕು ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಬರಿದು ಮಾಡಿಡಿ. ಈ ಬೈಕಿಗೆ ಆಯಿಲನ್ನು ಬೇರೆಯಾಗಿ ಪಂಪ್ ಮಾಡುವ ವ್ಯವಸ್ಥೆ ಇದೆ. ಅದು ಸರಿಯಾಗಿ ಹರಿಯುತ್ತಿದೆ ಎಂದು ಕಣ್ಣಾರೆ ಕಾಣುವವರೆಗೆ ಅದನ್ನೇ ನಂಬಿ ಓಡಿಸಬೇಡಿ. ಮೊದಮೊದಲು ಲೀಟರ್ ಪೆಟ್ರೋಲಿಗೆ 40 ಮಿಲಿ ಟೂ-ಸ್ಟ್ರೋಕ್ ಆಯಿಲ್ ಬೆರೆಸಿಯೇ ಹಾಕಿ. ಹೊಗೆ ಜಾಸ್ತಿ ಬರುತ್ತದೆ, ಬರಲಿ.

ಚಕ್ರದ ಬಗ್ಗೆ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಪಂಕ್ಚರ್ ಅಂಗಡಿಯವರಿಗೂ ಓದಿ ಹೇಳಿ. ಇಂಥ ಕುಳ್ಳ ಬೈಕುಗಳ ರಿಮ್ಮು ಸ್ಕೂಟರಿನದರಂತೆ ಎರಡು ಹೋಳು, ಬೋಲ್ಟು ಹಾಕಿ ಕೂಡಿಸಿದ್ದು. ಟೈರಲ್ಲಿ ಗಾಳಿ ಇರುವಾಗ ಆ ಬೋಲ್ಟು ಬಿಚ್ಚಿದರೆ ಅರ್ಧ ರಿಮ್ಮು ಮುಖಕ್ಕೆ ಸಿಡಿಯುತ್ತದೆ. ಟೈರು ನೋಡಲು ಚಪ್ಪಟೆ ಇದ್ದರೂ ಮೊದಲು ವಾಲ್ವಿನ ಪಿನ್ ತೆಗೆದು, ಆಮೇಲೇ ಸ್ಪಾನರ್ ಹಿಡಿಯಬೇಕು. ರಿಮ್ಮಿನ ಒಳಮೈ, ಬೋಲ್ಟಿನ ತೂತುಗಳ ಸುತ್ತ ತುಕ್ಕು ತಿಂದು ತೆಳುವಾಗಿದ್ದರೆ ಅದನ್ನು ಬಳಸಲೇಬೇಡಿ. 6.70-10 ಟೈರು ನಮ್ಮ ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ. ಚೇತಕ್ ಸ್ಕೂಟರಿನ 3.50-10 ಟೈರು ಅದೇ 10 ಇಂಚಿನ ರಿಮ್ಮಿನದು ಎಂದು ಯಾರಾದರೂ ಹೇಳಿಯಾರು. ವ್ಯಾಸ ಒಂದೇ ಇರಬಹುದು, ರಿಮ್ಮಿನ ಅಗಲ ಬೇರೆ, ಕೂರಿಸಬಾರದು. ವಿದೇಶದಿಂದ ತರಿಸುವುದೋ ಅಥವಾ 10 ಇಂಚು ರಿಮ್ಮಿಗೆ ಬರುವ ಎಟಿವಿ (ಕಾಡುಮೇಡಿನಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕು) ಟೈರುಗಳಲ್ಲಿ ಅಗಲ, ಎತ್ತರ ಎರಡೂ ಹೊಂದುವುದನ್ನು ಹುಡುಕುವುದೋ ಮಾಡಬೇಕು. ಎಟಿವಿ ಟೈರಿನಲ್ಲಿ ಬರೆದಿರುವ ಕ್ರಮವೇ ಬೇರೆ: ಮೊದಲ ಅಂಕಿ ಹೊರಗಿನ ಎತ್ತರ, ಎರಡನೆಯದು ಅಗಲ, ಕೊನೆಯದು ರಿಮ್ಮು. ಮಡ್‌ಗಾರ್ಡಿಗೆ, ಚೈನಿಗೆ ತಾಗುತ್ತದೆಯೇ ಎಂದು ಅಳೆದೇ ಕೊಳ್ಳಿ. ಇಂಥ ಟೈರಿಗೆ ಗಾಳಿ ತೀರ ಕಡಿಮೆ ಸಾಕು. ಪಕ್ಕದಲ್ಲಿ ಬರೆದಿರುವ ಮಿತಿ ದಾಟಬಾರದು.

ಬ್ರೇಕ್ ಡ್ರಮ್ ಬಿಚ್ಚುವಾಗ ಒಳಗಿನ ದೂಳನ್ನು ಊದಬೇಡಿ, ಏರ್ ಹೊಡೆಯಬೇಡಿ. ಆ ಕಾಲದ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಕೆಲಸದ ಕಾಲದ ಬಗ್ಗೆಯೂ ಯೋಚಿಸಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಬರಿ ಕಬ್ಬಿಣವನ್ನು ತೆರೆದಿಡುವ ಹಾಗೇ ಇಲ್ಲ, ಪ್ರೈಮರ್ ಒಳಗೂ ತೇವ ಸೇರುತ್ತದೆ. ಮಳೆಗಾಲವನ್ನು ಎಂಜಿನ್ ಬಿಚ್ಚಲು, ಬಿಡಿಭಾಗ ತರಿಸಲು ಇಟ್ಟುಕೊಳ್ಳಿ. ಲೋಹ ಉಜ್ಜುವ, ಬಣ್ಣ ಮುಟ್ಟಿಸುವ ಕೆಲಸಕ್ಕೆ ಜನವರಿ, ಫೆಬ್ರವರಿಯ ಒಣ ಹವೆಯೇ ಒಳ್ಳೆಯದು. ನಿಮ್ಮ ಕಡೆ ರೊಬಸ್ಟಾ ಕುಯ್ಲು ನಡೆಯುವುದೂ ಆಗಲೇ, ಕಣದಲ್ಲಿ ಕಾಫಿ ಹರಡಿರುತ್ತದೆ, ಕೈಗೆ ಬಿಡುವಿರುವುದಿಲ್ಲ. ಆದರೂ ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮುಂಚೆ ಆ ಕೆಲಸ ಮುಗಿಸಿದರೆ ಒಳ್ಳೆಯದು.

ಇನ್ನು ರಸ್ತೆಯ ಮಾತು. ಮೊದಲು ದೊಡ್ಡಪ್ಪನವರ ಪೆಟ್ಟಿಗೆ, ಬೀರು ಎಲ್ಲ ಜಾಲಾಡಿ. ಬೇಕಾದದ್ದು ಹಳೇ ಆರ್‌ಸಿ ಪುಸ್ತಕ, ತೆರಿಗೆ ಕಟ್ಟಿದ ಚೀಟಿ, ಇನ್ಶೂರೆನ್ಸ್, ಬೈಕನ್ನು ಹೊರಗಿನಿಂದ ತಂದಿದ್ದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ. ಗೋದಾಮಿನಲ್ಲಿ ಹಳೇ ನಂಬರ್ ಪ್ಲೇಟೂ ಬಿದ್ದಿರಬಹುದು. ಈಗಿನ ಕೆಎ-12ರ ಬದಲು ಎಂವೈ ಅಥವಾ ಸಿಎ ಎಂದು ಶುರುವಾಗುವ ನಂಬರ್ ಇದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಅದು ಒಂದು ಕಾಲದಲ್ಲಿ ನೋಂದಣಿ ಆಗಿತ್ತು ಎನ್ನಲು ಅದೇ ಮೊದಲ ಎಳೆ.

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ವಿಂಟೇಜ್ ವಾಹನಗಳ ಭಾಗ ಸೇರಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ಗಾಡಿಗಳಿಗೆ, ಆಮದಾದವೂ ಸೇರಿ, ‘ವಿಎ’ ಸರಣಿಯ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷ ಚಾಲ್ತಿ. ಆಮೇಲೆ ನವೀಕರಣಕ್ಕೆ 5,000. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥದಕ್ಕೆ ಓಡಿಸಬಹುದು, ದಿನಾ ಪೇಟೆಗೆ ಹೋಗಿಬರಲು ಅಲ್ಲ. ಮತ್ತೆ ಆ ನಿಯಮದ ಮುಖ್ಯ ಷರತ್ತು: ವಾಹನ ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನ್ ಮಾರ್ಪಟ್ಟಿರಬಾರದು. ಎಂಜಿನ್ ಸಿಗುತ್ತಿಲ್ಲ ಎಂದು ಬೇರೆ ಬೈಕಿನದನ್ನು ಕೂರಿಸಿ, ಫ್ರೇಮ್ ಕತ್ತರಿಸಿ ವೆಲ್ಡ್ ಮಾಡಿಸಿದರೆ ಈ ಬಾಗಿಲು ಮುಚ್ಚಿದಂತೆಯೇ. ಮೊದಲೇ ಹೇಳಿದ ಕಾನೂನಿನ ಕಾರಣ ಇದು.

ತೋಟದೊಳಗೆ ಓಡಿಸಲು ನೋಂದಣಿ ಬೇಡ ಎಂದು ಹಲವರು ಹೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 39ನೇ ಕಲಂ ಸಾರ್ವಜನಿಕ ಸ್ಥಳದ ಜೊತೆಗೆ ಬೇರೆ ಯಾವುದೇ ಸ್ಥಳವನ್ನೂ ಹೆಸರಿಸುತ್ತದೆ, ಆದ್ದರಿಂದ ಆ ಮಾತಿನ ಮೇಲೆ ಭಾರ ಹಾಕಬೇಡಿ. ಸಿಕ್ಕ ಕಾಗದ ಮತ್ತು ಚಾಸಿಸ್ ಪ್ರಿಂಟ್ ಹಿಡಿದು ಮಡಿಕೇರಿಯ ಆರ್‌ಟಿಒ ಕಚೇರಿಗೆ ಹೋಗಿ, ಏನೇನು ಬೇಕೆಂದು ಬರವಣಿಗೆಯಲ್ಲೇ ಕೇಳಿಕೊಳ್ಳಿ. ಕಾಗದ ಒಂದೂ ಸಿಗದಿದ್ದರೂ ಹೋಗಿ ಕೇಳಿ, ಎಂಜಿನ್ನಿಗೆ ದೊಡ್ಡ ದುಡ್ಡು ಸುರಿಯುವ ಮುಂಚೆ.

ಫ್ರೇಮಿನ ಕತ್ತಿನ ಪೆನ್ಸಿಲ್ ಅಚ್ಚು, ಎಂಜಿನ್ ಸಂಖ್ಯೆಯ ಫೋಟೋ, ಎಡಬದಿಯಿಂದ ಇಡೀ ಬೈಕಿನ ಫೋಟೋ, ಈ ಮೂರನ್ನು ಕಳಿಸಿ. ಮಾಡೆಲ್ ಗಟ್ಟಿಯಾದರೆ ಯಾವ ಸೀಲು, ಯಾವ ಬೇರಿಂಗ್ ಎಂದು ಪಟ್ಟಿ ಮಾಡಿ ಬರೆಯುತ್ತೇನೆ. ಅಲ್ಲಿಯವರೆಗೆ ಪ್ಲಗ್ಗಿನ ತೂತಿಗೆ ಡೀಸೆಲ್, ಆಯಿಲ್ ಹುಯ್ದು, ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿಡಿ. ಗೋದಾಮುಗಳಲ್ಲಿ ಇಲಿ ಅಲ್ಲೇ ಗೂಡು ಮಾಡುವುದು.